ಮಧ್ಯಾಹ್ನ ಎರಡಕ್ಕೆ ಹೋಗುತ್ತಿದ್ದ ನೆಟ್: ಅಕ್ಕನ ಅಂಗಡಿಯ ರಿಪೇರಿ ಡೈರಿ

ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ನನ್ನ ಅಕ್ಕ ಒಂದು ಸಣ್ಣ ಅಂಗಡಿ ನಡೆಸುತ್ತಾಳೆ. ಜೆರಾಕ್ಸ್, ಪ್ರಿಂಟ್, ಲ್ಯಾಮಿನೇಶನ್, ಆನ್‌ಲೈನ್ ಅರ್ಜಿ. ಎರಡು ಕಂಪ್ಯೂಟರ್, ಒಂದು ಪ್ರಿಂಟರ್. ಎಸ್ಸೆಸ್ಸೆಲ್ಸಿ, ಪಿಯುಸಿ ರಿಸಲ್ಟ್ ಬಂದ ಮೇಲೆ ಮೇ ತಿಂಗಳಿಡೀ ಅವಳಿಗೆ ಸುಗ್ಗಿ. 2025ರಲ್ಲಿ ಅದೇ ತಿಂಗಳು ನೆಟ್ ಕೈಕೊಟ್ಟಿತು. ನಾನಿರುವುದು ಚಿತ್ರದುರ್ಗದಲ್ಲಿ, ಅಲ್ಲಿಂದ ಹತ್ತಿರ ಹತ್ತಿರ 60 ಕಿ.ಮೀ. ದೂರ. ಸರಿಮಾಡಲು ಎರಡು ವಾರ ಹಿಡಿಯಿತು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ನನ್ನ ತಪ್ಪಿನಿಂದ ಹೋದ ಹೊತ್ತು. ಮಾಡಿದ್ದನ್ನೆಲ್ಲ ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದೆ, ಅದನ್ನೇ ಇಲ್ಲಿ ಹಾಕುತ್ತಿದ್ದೇನೆ. ಕಮಾಂಡ್‌ಗಳನ್ನು ಉಚ್ಚಾರದಂತೆ ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ.

ಮೊದಲು ಜೋಡಣೆ ಹೇಗಿತ್ತು ಅಂತ ಹೇಳಿಬಿಡುತ್ತೇನೆ. ಮೇಲೆ ಮನೆ, ಕೆಳಗೆ ಅಂಗಡಿ. ಫೈಬರ್ ಬಂದು ಸೇರುವ ಡಬ್ಬಿ ಮತ್ತು ರೂಟರ್ ಎರಡೂ ಮೇಲಿನ ಹಾಲ್‌ನಲ್ಲಿವೆ. ಯೂಸರ್ ನೇಮ್, ಪಾಸ್‌ವರ್ಡ್ ಹಾಕಿ ಕನೆಕ್ಟ್ ಆಗುವ ಲೈನ್ ಅದು, ಅಂದರೆ ಪಿಪಿಪಿಓಇ. ರೂಟರ್‌ನಿಂದ ಒಂದು ಲ್ಯಾನ್ ಕೇಬಲ್ ಕಿಟಕಿಯಿಂದ ಹೊರಗೆ ಬಂದು, ಗೋಡೆಗುಂಟ ಇಳಿದು, ಶಟರ್ ಪೆಟ್ಟಿಗೆಯ ಪಕ್ಕದ ಸಂದಿಯಿಂದ ಅಂಗಡಿ ಸೇರುತ್ತದೆ. ಉದ್ದ ಸುಮಾರು 18 ಮೀಟರ್. ಒಳಗೆ 5 ಪೋರ್ಟಿನ ಸ್ವಿಚ್. ಅದರಿಂದ ಎರಡು ಕಂಪ್ಯೂಟರ್‌ಗೂ ಪ್ರಿಂಟರ್‌ಗೂ ಚಿಕ್ಕ ಕೇಬಲ್.

ಮೇ 5, ಸೋಮವಾರ. ಫೋನಿನಲ್ಲಿ ರಿಪೇರಿ

ಹಿಂದಿನ ದಿನ ಸಂಜೆಯೇ ಅಕ್ಕ ಹೇಳಿದ್ದಳು, "ತಮ್ಮಾ, ಮಧ್ಯಾಹ್ನ ಎರಡಾದ್ಮೇಲೆ ನೆಟ್ ಬರ್ತೈತೆ, ಹೋಗ್ತೈತೆ. ಅರ್ಜಿ ಅರ್ಧ ತುಂಬಿರ್ತೀನಿ, ಹೋಗಿಬಿಡ್ತೈತೆ." ಬೆಳಿಗ್ಗೆ 11ಕ್ಕೆ ನನಗೆ ಬಿಡುವಿತ್ತು. ಫೋನ್ ಮಾಡಿ ಕಮಾಂಡ್ ಕೊಡುವ ಕಪ್ಪು ವಿಂಡೋ ತೆಗೆಸಿದೆ.

ನೆಟ್ ವಿಳಾಸ ತೋರಿಸುವ ಐಪಿಕಾನ್ಫಿಗ್ ಕೊಡಿಸಿದೆ. ಕಂಪ್ಯೂಟರ್ ವಿಳಾಸ 192.168.0.105, ಗೇಟ್‌ವೇ (ಅಂದರೆ ರೂಟರ್‌ನ ವಿಳಾಸ) 192.168.0.1 ಅಂತ ಓದಿದಳು. ಸರಿಯಾಗಿದೆ. ರೂಟರ್ ಸಿಗದೇ ಹೋಗಿದ್ದರೆ 169.254ರಿಂದ ಶುರುವಾಗುವ ವಿಳಾಸ ಬರುತ್ತಿತ್ತು.

ಪಿಂಗ್ 192.168.0.1 ಕೊಡಿಸಿದೆ. ಆ ವಿಳಾಸಕ್ಕೆ ಪ್ಯಾಕೆಟ್, ಅಂದರೆ ಮಾಹಿತಿಯ ತುಣುಕು, ಕಳಿಸಿ ಉತ್ತರ ಬರುತ್ತದಾ ಅಂತ ನೋಡುವ ಕಮಾಂಡ್ ಅದು. ನಾಲ್ಕಕ್ಕೆ ನಾಲ್ಕೂ ಬಂತು, 1 ಮಿಲಿಸೆಕೆಂಡಿಗಿಂತ ಕಡಿಮೆ. ಹೊರಗಿರುವ ಗೂಗಲ್‌ನ ಸರ್ವರ್‌ಗೆ ಪಿಂಗ್ 8.8.8.8 ಕೊಟ್ಟಾಗಲೂ ನಾಲ್ಕು ಬಂತು.

"ನಮ್ಮ ಕಡೆ ಏನೂ ತೊಂದರೆ ಇಲ್ಲ ಅಕ್ಕ, ಲೈನಿನವರಿಗೆ ಹೇಳು" ಅಂದುಬಿಟ್ಟೆ. ಇದು ಮೊದಲನೇ ತಪ್ಪು. ತೊಂದರೆ ಬರುವುದು ಮಧ್ಯಾಹ್ನ ಎರಡರ ಮೇಲೆ, ನಾನು ಪರೀಕ್ಷೆ ಮಾಡಿದ್ದು ಬೆಳಿಗ್ಗೆ 11ಕ್ಕೆ. ಜ್ವರ ಇಳಿದಾಗ ಥರ್ಮಾಮೀಟರ್ ಇಟ್ಟ ಹಾಗಾಯಿತು. ಜೊತೆಗೆ ಸುಮ್ನೆ ಇರಲಿ ಅಂತ, ವಿಂಡೋಸ್‌ನ ನೆಟ್ ವ್ಯವಸ್ಥೆಯನ್ನು ಹೊಸದಾಗಿಸುವ ಐಪಿಕಾನ್ಫಿಗ್ /ಫ್ಲಶ್‌ಡಿಎನ್‌ಎಸ್, ನೆಟ್‌ಶ್ ವಿನ್‌ಸಾಕ್ ರೀಸೆಟ್ ಎರಡನ್ನೂ ಮಾಡಿಸಿ ಕಂಪ್ಯೂಟರ್ ರೀಸ್ಟಾರ್ಟ್ ಮಾಡಿಸಿದೆ. ಅದರಿಂದ ಏನೂ ಆಗಲಿಲ್ಲ. ಆಗುವ ಕಾರಣವೂ ಇರಲಿಲ್ಲ.

ಇನ್ನೊಂದು ಮಾತು ಅವತ್ತೇ ಕೇಳಬೇಕಿತ್ತು: "ಕೆಳಗೆ ನೆಟ್ ಹೋದಾಗ ಮೇಲೆ ಮನೆಯಲ್ಲಿ ವೈಫೈ ಬರ್ತಿರುತ್ತಾ?" ಈ ಒಂದು ಪ್ರಶ್ನೆ ಕೇಳಿದ್ದರೆ ಮುಂದಿನ ಹತ್ತು ದಿನದ ಅಲೆದಾಟ ಇರುತ್ತಿರಲಿಲ್ಲ.

ಮೇ 6, ಮಂಗಳವಾರ. ಲೈನಿನವರು ಬಂದರು

ಬೆಳಿಗ್ಗೆ ಒಬ್ಬ ಹುಡುಗ ಬಂದು ಫೈಬರ್‌ನ ಬೆಳಕಿನ ಅಳತೆ ತೆಗೆದ. -21 ಡಿಬಿಎಂ. ಮನೆಗೆ ಬರುವ ಫೈಬರ್‌ಗೆ -27ರ ಆಸುಪಾಸು ಹೋದರೆ ಕಷ್ಟ, -21 ಅಂದರೆ ಚೆನ್ನಾಗಿದೆ. "ನಮ್ಮ ಲೈನ್ ಸರಿ ಇದೆ ಅಣ್ಣ" ಅಂತ ನನಗೂ ಫೋನಿನಲ್ಲಿ ಹೇಳಿದ. ಅವನು ಹೇಳಿದ್ದು ನಿಜವಾಗಿತ್ತು. ನಾನು ಒಪ್ಪಲಿಲ್ಲ.

ಮೇ 8, ಗುರುವಾರ. ಮೋಡದ ದಿನ

ಇವತ್ತು ಇಡೀ ದಿನ ನೆಟ್ ಒಮ್ಮೆಯೂ ಹೋಗಲಿಲ್ಲ. ಅಕ್ಕನೇ ಹೇಳಿದಳು, "ಇವತ್ತು ಮೋಡ ಐತೆ ನೋಡು, ಅದಕ್ಕೇ ಇರ್ಬೇಕು. ಬಿಸಿಲು ಬಂದ್ರೆ ಹೋಗ್ತೈತೆ."

ಆ ಮಾತು ಕೇಳಿದ್ದೇ ತಡ, ಕಾರಣ ಸಿಕ್ಕಿತು ಅಂದುಕೊಂಡೆ. ರೂಟರ್ ಇರುವುದು ಪಶ್ಚಿಮದ ಕಿಟಕಿ ಪಕ್ಕ. ಮಧ್ಯಾಹ್ನದ ಬಿಸಿಲಿಗೆ ಕಾದು ಕೆಡುತ್ತಿರಬೇಕು, ನಾಲ್ಕು ವರ್ಷ ಹಳೆಯದು ಬೇರೆ. ಅಕ್ಕ ಗಮನಿಸಿದ್ದು ನೂರಕ್ಕೆ ನೂರು ಸರಿ. ಅದಕ್ಕೆ ನಾನು ಹಚ್ಚಿದ ಕಾರಣ ಮಾತ್ರ ಬರೀ ಊಹೆ. ಬಿಸಿಲಿಗೂ ನೆಟ್ಟಿಗೂ ನಡುವೆ ಬೇರೆ ಏನಾದರೂ ಇರಬಹುದಾ ಅಂತ ಯೋಚಿಸಲೇ ಇಲ್ಲ.

ಮೇ 11, ಭಾನುವಾರ. ಹೊಸ ರೂಟರ್, ಹೊಸ ತೊಂದರೆ

1,690 ರೂಪಾಯಿ ಕೊಟ್ಟು ಗಿಗಾಬಿಟ್ ಪೋರ್ಟಿನ ಹೊಸ ರೂಟರ್ ತಗೊಂಡು ಬಸ್ ಹತ್ತಿದೆ. ಹಳೆಯದು ಬಿಚ್ಚಿ ಹೊಸದು ಕೂರಿಸಿದೆ. ಯೂಸರ್ ನೇಮ್, ಪಾಸ್‌ವರ್ಡ್ ಹಾಕುವ ಪುಟದಲ್ಲೇ ಕೆಳಗೆ ಎಂಟಿಯು ಅಂತ ಒಂದು ಚೌಕ ಇತ್ತು, ಒಂದು ಪ್ಯಾಕೆಟ್ ಎಷ್ಟು ಬೈಟ್ ದೊಡ್ಡದಿರಬಹುದು ಅನ್ನುವ ಮಿತಿ ಅದು. ಅದರಲ್ಲಿ 1480 ತುಂಬಿಕೊಂಡೇ ಬಂದಿತ್ತು. ಕಂಪ್ಯೂಟರ್‌ನಲ್ಲಿ 1500 ಇರುತ್ತದೆ ಅಂತ ಗೊತ್ತಿತ್ತು. ಎರಡೂ ಒಂದೇ ಇರಲಿ, ಸ್ಪೀಡು ಜಾಸ್ತಿ ಬರಲಿ ಅಂತ ಅಳಿಸಿ 1500 ಹಾಕಿ ಸೇವ್ ಮಾಡಿದೆ. ರೂಟರ್ ತಕರಾರು ಮಾಡಲಿಲ್ಲ. ಯೂಟ್ಯೂಬ್ ಚೆನ್ನಾಗಿ ಓಡಿತು. ಸ್ಪೀಡ್ ನೋಡಿದೆ, ಸರಿಯಾಗಿತ್ತು. ಸಂಜೆ ಮಂಡಕ್ಕಿ, ಮೆಣಸಿನಕಾಯಿ ತಿಂದು ಖುಷಿಯಿಂದ ದುರ್ಗಕ್ಕೆ ವಾಪಸಾದೆ.

ಆ ಚೌಕದಲ್ಲಿ ನಾನು ಬದಲಿಸಿದ ಅಂಕಿಯನ್ನು ಎಲ್ಲೂ ಬರೆದಿಡಲಿಲ್ಲ. ಈ ಇಡೀ ಕೆಲಸದಲ್ಲಿ ಎಲ್ಲಕ್ಕಿಂತ ದುಬಾರಿಯಾದ ತಪ್ಪು ಇದು.

ಮೇ 12ರಿಂದ 16. ಎರಡು ರೋಗ ಒಟ್ಟಿಗೆ

ಸೋಮವಾರ ಮಧ್ಯಾಹ್ನ ಎರಡಕ್ಕೆ ನೆಟ್ ಮತ್ತೆ ಹೋಯಿತು, ಹಿಂದಿನ ಹಾಗೆಯೇ. ಅಷ್ಟೇ ಆಗಿದ್ದರೆ ಬೇರೆ. ಈಗ ಬೆಳಿಗ್ಗೆ ಹೊತ್ತೂ ಕೆಲವು ತಾಣಗಳು ತೆರೆಯುತ್ತಿರಲಿಲ್ಲ. ಗೂಗಲ್ ಬರುತ್ತದೆ, ಯೂಟ್ಯೂಬ್ ಬರುತ್ತದೆ. ಅರ್ಜಿ ತುಂಬುವ ತಾಣ ಮಾತ್ರ ಬಿಳಿ ಪುಟವಾಗಿ ತಿರುಗುತ್ತಲೇ ಇರುತ್ತದೆ. ಒಂದೊಂದು ತಾಣ ತೆರೆದರೂ ಫೋಟೋ ಅಪ್‌ಲೋಡ್ ಮಾಡುವ ಕಡೆ ನಿಂತುಬಿಡುತ್ತದೆ.

ಬುಧವಾರ ಆನಗೋಡಿನಿಂದ ಒಬ್ಬ ಹುಡುಗಿ ಅಪ್ಪನ ಜೊತೆ ಬಂದು ಎರಡು ಗಂಟೆ ಕಾದು ಕೂತಿದ್ದಳಂತೆ. ಕೊನೆಗೆ ಅಕ್ಕ ತನ್ನ ಮೊಬೈಲ್‌ನ ಹಾಟ್‌ಸ್ಪಾಟ್ ಹಾಕಿ ಅರ್ಜಿ ಮುಗಿಸಿಕೊಟ್ಟಳು. "ಕೊನೇ ದಿನ ಆಗಿದ್ರೆ ಆ ಹುಡುಗಿ ಗತಿ ಏನೋ?" ಅಂತ ಅವಳು ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಶನಿವಾರ, ಸೋಮವಾರ ರಜೆ ಹಾಕಿದೆ. ಇನ್ನು ಊಹೆ ಬೇಡ, ಅಳೆದು ನೋಡದೆ ಒಂದು ವಸ್ತುವನ್ನೂ ಬದಲಿಸುವುದಿಲ್ಲ ಅಂತ ನಿರ್ಧಾರ ಮಾಡಿದೆ.

ಮೇ 17, ಶನಿವಾರ. ಮೂರು ವಿಂಡೋ

ನನ್ನ ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸ್ ಇದೆ. ಬೆಳಿಗ್ಗೆ 10ಕ್ಕೆ ಅಂಗಡಿಯ ಸ್ವಿಚ್‌ನ ಖಾಲಿ ಪೋರ್ಟಿಗೆ ಸಿಕ್ಕಿಸಿ ಮೂರು ಟರ್ಮಿನಲ್ ತೆಗೆದೆ. ಮೂರರಲ್ಲೂ ನಿಲ್ಲದೆ ಓಡುವ ಪಿಂಗ್.

ಒಂದು, ಹತ್ತಿರಕ್ಕೆ: ಅದೇ ಸ್ವಿಚ್‌ನಲ್ಲಿರುವ ಪ್ರಿಂಟರ್, 192.168.0.120.
ಎರಡು, ನಡುವಿಗೆ: ಮೇಲಿನ ರೂಟರ್, 192.168.0.1.
ಮೂರು, ದೂರಕ್ಕೆ: 8.8.8.8.

ಹತ್ತಿರಕ್ಕೆ ಮೊದಲು ಅಕ್ಕನ ಕಂಪ್ಯೂಟರನ್ನೇ ಹಾಕಿದ್ದೆ. ಉತ್ತರವೇ ಬರಲಿಲ್ಲ. ಸ್ವಿಚ್ ಕೆಟ್ಟಿದೆ ಅಂತ ಐದು ನಿಮಿಷ ತಡಕಾಡಿದೆ. ವಿಂಡೋಸ್‌ನ ಫೈರ್‌ವಾಲ್ ಪಿಂಗ್‌ಗೆ ಉತ್ತರ ಕೊಡದಂತೆ ತಡೆದಿತ್ತು, ಅಷ್ಟೇ. ಪ್ರಿಂಟರ್‌ಗೆ ಅಂಥ ತಡೆ ಇರಲಿಲ್ಲ.

ಕಮಾಂಡ್ ಹೀಗೆ: ಪಿಂಗ್ -ಡಿ -ಓ 192.168.0.1. ಡಿ, ಓ ಎರಡೂ ದೊಡ್ಡಕ್ಷರ. ಡಿ ಹಾಕಿದರೆ ಪ್ರತಿ ಸಾಲಿನ ಮುಂದೆ ಹೊತ್ತು ಬೀಳುತ್ತದೆ. ಓ ಹಾಕಿದರೆ ಉತ್ತರ ಬರದ ಸಾಲೂ ಬೀಳುತ್ತದೆ. ಓ ಇಲ್ಲದಿದ್ದರೆ ಲಿನಕ್ಸ್‌ನ ಪಿಂಗ್ ಉತ್ತರ ಬರದಾಗ ಸುಮ್ಮನಿರುತ್ತದೆ, ಲಾಗ್‌ನಲ್ಲಿ ಬರೀ ಸಾಲು ತಪ್ಪಿರುವುದು ಕಾಣುತ್ತದೆ. ಮೂರನ್ನೂ ಬೇರೆ ಬೇರೆ ಫೈಲಿಗೆ ಬರೆಸಿದೆ.

ಎರಡರವರೆಗೆ ಒಂದು ಪ್ಯಾಕೆಟ್ಟೂ ತಪ್ಪಲಿಲ್ಲ. ಎರಡಕ್ಕೆ ಭಾವ ಊಟಕ್ಕೆ ಕರೆದರು. ಲ್ಯಾಪ್‌ಟಾಪ್ ಓಡಲು ಬಿಟ್ಟು ಮೇಲೆ ಹೋದೆ. ಸ್ವಲ್ಪ ಹೊತ್ತಿಗೆ ಅಕ್ಕನೂ ಬಂದಳು. ಮೂರು ಗಂಟೆಗೆ ಕೆಳಗೆ ಬಂದು ನೋಡಿದರೆ ಎರಡನೇ ವಿಂಡೋ, ಮೂರನೇ ವಿಂಡೋ ತುಂಬ ಒಂದೇ ಸಾಲು: ನೋ ಆನ್ಸರ್ ಯೆಟ್. ಅದರ ಕೆಳಗೆ ರೂಟರ್‌ನ ವಿಂಡೋದಲ್ಲಿ ಡೆಸ್ಟಿನೇಶನ್ ಹೋಸ್ಟ್ ಅನ್‌ರೀಚಬಲ್. ಮೊದಲನೆಯದು, ಪ್ರಿಂಟರ್‌ನದು, ಒಂದೂ ತಪ್ಪದೆ ಓಡುತ್ತಿತ್ತು.

ಪ್ರಿಂಟರ್ ಸಿಗುತ್ತದೆ ಅಂದರೆ ಸ್ವಿಚ್ ಸರಿ ಇದೆ. ರೂಟರ್ ಸಿಗುವುದಿಲ್ಲ ಅಂದರೆ ಹೊರಗಿನ ಲೈನಿನ ಮಾತೇ ಬೇಡ. ಆಗ ಭಾವನಿಗೆ ಫೋನ್ ಮಾಡಿ ಕೇಳಿದೆ, ಮೇಲೆ ವೈಫೈ ಬರ್ತಿದೆಯಾ? "ಚೆನ್ನಾಗಿ ಬರ್ತೈತಲ್ಲಪ್ಪಾ, ಕ್ರಿಕೆಟ್ ನೋಡ್ತಿದೀನಿ" ಅಂದರು. ರೂಟರ್ ಸರಿ ಇದೆ. ಉಳಿದದ್ದು ನಡುವಿನ 18 ಮೀಟರ್ ಕೇಬಲ್. ಬೇರೆ ಏನೂ ಇಲ್ಲ.

ಲಾಗ್‌ನಲ್ಲಿ ಮೊದಲು ತಪ್ಪಿದ ಸಾಲಿನ ಹೊತ್ತು 1747471012 ಅಂತಿತ್ತು. ಇದು 1970ರಿಂದ ಎಣಿಸಿದ ಸೆಕೆಂಡು. ಡೇಟ್ -ಡಿ @1747471012 ಅಂತ ಕೊಟ್ಟರೆ ನಮ್ಮ ಗಡಿಯಾರದ ಹೊತ್ತು ಬರುತ್ತದೆ, ಇಲ್ಲಿ ಡಿ ಚಿಕ್ಕಕ್ಷರ. ಮಧ್ಯಾಹ್ನ 2 ಗಂಟೆ 6 ನಿಮಿಷ 52 ಸೆಕೆಂಡ್.

"ಅಕ್ಕ, ಎರಡೂ ಆರು ನಿಮಿಷಕ್ಕೆ ಏನ್ ಮಾಡ್ತಿದ್ದೆ?"

"ಏನ್ ಮಾಡ್ತೀನಿ, ಊಟಕ್ಕೆ ಎದ್ದೆ. ಶಟರ್ ಅರ್ಧ ಇಳಿಸಿದೆ, ಮೇಲೆ ಬಂದೆ."

ಅಂಗಡಿ ಪಶ್ಚಿಮಕ್ಕೆ ಮುಖ. ಊಟಕ್ಕೆ ಹೋಗುವಾಗ ಶಟರ್ ಅರ್ಧ ಇಳಿಸುತ್ತಾಳೆ. ಬಿಸಿಲು ಜೋರಿದ್ದರೆ ವಾಪಸ್ ಬಂದ ಮೇಲೂ ಐದು ಗಂಟೆ ತನಕ ಹಾಗೇ ಬಿಟ್ಟಿರುತ್ತಾಳೆ. ಗಿರಾಕಿಗಳು ಬಗ್ಗಿ ಒಳಗೆ ಬರುತ್ತಾರೆ. ಮೋಡ ಇದ್ದ ದಿನ ಇಳಿಸುವುದೇ ಇಲ್ಲ. ಮೂರು ಗಂಟೆಗೆ ನಾನೂ ಅದೇ ಶಟರ್ ಕೆಳಗೆ ಬಗ್ಗಿಯೇ ಒಳಗೆ ಬಂದಿದ್ದೆ.

ಸ್ವಿಚ್‌ನಿಂದ ಮೇಲಿನ ಕೇಬಲ್ ಕಿತ್ತು ನೇರ ಲ್ಯಾಪ್‌ಟಾಪ್‌ಗೆ ಹಾಕಿದೆ. ಡಿಮೆಸೇಜ್ -ಟಿ -ಡಬ್ಲ್ಯು ಕೊಟ್ಟು ಕೂತೆ. ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಕೇಬಲ್ ಬಗ್ಗೆ ಗೊತ್ತಾದದ್ದೆಲ್ಲ ಆಗಿಂದಾಗ ತೆರೆಗೆ ಬೀಳುತ್ತದೆ. ಶಟರ್ ಪೂರ್ತಿ ಎತ್ತು ಅಂದೆ. ಎತ್ತಿದಳು. ಎರಡು ಮೂರು ಸೆಕೆಂಡಿಗೆ ಸಾಲು ಬಿತ್ತು: ಲಿಂಕ್ ಈಸ್ ಅಪ್, 100 ಎಂಬಿಪಿಎಸ್. ನಿಧಾನಕ್ಕೆ ಇಳಿಸು ಅಂದೆ. ಶಟರ್ ನನ್ನ ತಲೆಯ ಮಟ್ಟ ದಾಟುತ್ತಿದ್ದ ಹಾಗೆ: ಲಿಂಕ್ ಈಸ್ ಡೌನ್. ಮತ್ತೆ ಎತ್ತಿಸಿದೆ, ಅಪ್. ಇಳಿಸಿದೆ, ಡೌನ್. ಐದು ಸಲ ಮಾಡಿಸಿದೆ, ಐದೂ ಸಲ ಅದೇ. ಅರ್ಧಕ್ಕೆ ಬಿಟ್ಟು ಶಟರ್ ಮೇಲೆ ಕೈ ಇಟ್ಟು ಅಲುಗಾಡಿಸಿದರೆ ಅಪ್, ಡೌನ್, ಅಪ್, ಡೌನ್. ಗಾಳಿ ಬಂದಾಗ ಆಗುತ್ತಿದ್ದುದೂ ಇದೇ. ನೆಟ್ "ಬರ್ತೈತೆ, ಹೋಗ್ತೈತೆ" ಅಂತ ಅಕ್ಕ ಹೇಳಿದ್ದು ಅಕ್ಷರಶಃ ಸರಿಯಾಗಿತ್ತು.

ಇನ್ನೊಂದು ಸಾಲೂ ಅದೇ ತೆರೆಯಲ್ಲಿತ್ತು. 1 ಗಿಗಾಬಿಟ್ ಅಂತ ಎರಡೂ ಕಡೆ ಒಪ್ಪಿಕೊಂಡರೂ 100 ಮೆಗಾಬಿಟ್‌ಗೆ ಇಳಿದಿದೆ, ಕೇಬಲ್ ನೋಡಿಕೋ ಅನ್ನುವ ಅರ್ಥದ್ದು. ಶಟರ್ ಪೂರ್ತಿ ಮೇಲಿದ್ದಾಗಲೂ ಇದು ಬರುತ್ತಿತ್ತು. ಗಿಗಾಬಿಟ್‌ಗೆ ನಾಲ್ಕು ಜೋಡಿ ತಂತಿಯೂ ಬೇಕು, 100ಕ್ಕೆ ಎರಡು ಜೋಡಿ ಸಾಕು. ಅಂದರೆ ಒಂದಾದರೂ ಜೋಡಿ ಆಗಲೇ ಹರಿದಿದೆ.

ಸ್ಟೂಲ್ ಹಾಕಿ ಹತ್ತಿ ನೋಡಿದೆ. ಕೇಬಲನ್ನು ಶಟರ್‌ನ ಪಕ್ಕದ ಚಾನಲ್‌ಗೆ ಪ್ಲಾಸ್ಟಿಕ್ ಟೈ ಹಾಕಿ ಕಟ್ಟಿದ್ದರು. ಬಿಸಿಲಿಗೆ ಟೈ ಪುಡಿಯಾಗಿ ಕೇಬಲ್ ಜಾರಿ ಚಾನಲ್ ಒಳಗೇ ಬಿದ್ದಿತ್ತು. ನೆಲದಿಂದ ಐದೂವರೆ ಅಡಿ ಎತ್ತರದಲ್ಲಿ ಒಂದು ಗೇಣು ಉದ್ದಕ್ಕೆ ಚಪ್ಪಟೆಯಾಗಿತ್ತು. ಮೇಲಿನ ಸಿಪ್ಪೆ ಸೀಳಿ, ನೀಲಿ ತಂತಿ ತುಂಡಾಗಿ, ಹಸಿರು ತಂತಿಯ ಲೋಹ ಹೊಳೆಯುತ್ತಿತ್ತು. ಶಟರ್ ಮೇಲಿದ್ದಾಗ ಚಾನಲ್ ಖಾಲಿ. ಇಳಿದಾಗ ಅದರ ಪಟ್ಟಿ ಸರಿಯಾಗಿ ಅಲ್ಲೇ ಕೂರುತ್ತದೆ. ತುಂಡಾದ ತಂತಿ ಕೆರೆದು ನೋಡಿದೆ. ಒಳಗೆ ಬೆಳ್ಳಗಿತ್ತು. ತಾಮ್ರದ ತೆಳು ಪದರ ಹಚ್ಚಿದ ಅಲ್ಯೂಮಿನಿಯಂ ಅದು, ಎರಡು ಸಲ ಬಗ್ಗಿಸಿದರೆ ಮುರಿಯುತ್ತದೆ.

ಮೇ 18, ಭಾನುವಾರ. ಹೊಸ ಕೇಬಲ್, ಮತ್ತೆ ಒಂದು ತಪ್ಪು

ಶನಿವಾರ ಸಂಜೆಯೇ ಪಿ.ಬಿ. ರಸ್ತೆ ಕಡೆ ಹೋಗಿ ಸಾಮಾನು ತಂದಿದ್ದೆ. ಪೂರ್ತಿ ತಾಮ್ರದ ಕ್ಯಾಟ್ 6 ಕೇಬಲ್ 22 ಮೀಟರ್, ಮೀಟರ್‌ಗೆ 32 ರೂಪಾಯಿ. ಕೊಳ್ಳುವ ಮೊದಲು ಅಂಗಡಿಯಲ್ಲೇ ತುದಿ ಕೆರೆದು ನೋಡಿದೆ, ಒಳಗೂ ಕೆಂಪಗಿತ್ತು. ಕನೆಕ್ಟರ್ 10, ಕ್ರಿಂಪಿಂಗ್ ಟೂಲ್, ಎಂಟು ದೀಪದ ಲ್ಯಾನ್ ಟೆಸ್ಟರ್, 10 ಅಡಿಯ ಪಿವಿಸಿ ಪೈಪ್ ನಾಲ್ಕು, ಕ್ಲಿಪ್.

ಬೆಳಿಗ್ಗೆ ಏಳಕ್ಕೇ ಶುರು ಮಾಡಿದೆವು, ಬಿಸಿಲೇರಿದರೆ ಆ ಗೋಡೆ ಮುಟ್ಟಲಾಗುವುದಿಲ್ಲ. ಭಾವ ಏಣಿ ಹಿಡಿದರು. ಕೇಬಲ್ ಈ ಸಲ ಶಟರ್ ಹತ್ತಿರವೇ ಸುಳಿಯಬಾರದು ಅಂತ ಪಕ್ಕದ ಗೋಡೆಯಲ್ಲಿ 12 ಎಂಎಂ ತೂತು ಹೊಡೆದೆ. ಹೊರಗಿನಿಂದ ಒಳಕ್ಕೆ ನೀರು ಹರಿಯದಂತೆ ತೂತು ಸ್ವಲ್ಪ ಹೊರಗಡೆಗೆ ಇಳಿಜಾರಾಗಿರಬೇಕು. ಕೇಬಲ್ ಒಳಗೆ ಹೋಗುವ ಮುನ್ನ ಒಂದು ಸಣ್ಣ ಬಳುಕು ಕೊಟ್ಟರೆ ಮಳೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಇಷ್ಟು ಚೆನ್ನಾಗಿ ಆಯಿತು.

ಎಡವಿದ್ದು ಕನೆಕ್ಟರ್ ಹಾಕುವಲ್ಲಿ. ಬಣ್ಣದ ಕ್ರಮ ನೆನಪಿದೆ ಅಂದುಕೊಂಡು ಜೋಡಿ ಜೋಡಿಯಾಗಿ ಸಾಲಾಗಿ ಹಾಕಿಬಿಟ್ಟೆ: ಕಿತ್ತಳೆ ಜೋಡಿ, ಹಸಿರು ಜೋಡಿ, ನೀಲಿ ಜೋಡಿ, ಕಂದು ಜೋಡಿ. ಎರಡೂ ತುದಿಗೆ ಹಾಗೇ. ಟೆಸ್ಟರ್ ಹಾಕಿದರೆ ಒಂದರಿಂದ ಎಂಟರವರೆಗೆ ದೀಪ ಕ್ರಮವಾಗಿ ಉರಿಯಿತು. ಸರಿ ಇದೆ ಅಂತ ಸ್ಟೂಲಿಂದ ಇಳಿದೆ.

ಲ್ಯಾಪ್‌ಟಾಪ್ ಹಾಕಿ, ಕೇಬಲ್‌ನ ಸ್ಪೀಡ್ ತೋರಿಸುವ ಈಥ್‌ಟೂಲ್ ಕೊಟ್ಟರೆ ಸ್ಪೀಡ್ ಮತ್ತೆ 100. ಪಿಂಗ್ -ಎಸ್ 1400 ಕೊಟ್ಟು 1400 ಬೈಟಿನ 200 ಪ್ಯಾಕೆಟ್ ಕಳಿಸಿದೆ, 13 ಬರಲಿಲ್ಲ. ಈಥ್‌ಟೂಲ್ -ಎಸ್‌ನಲ್ಲಿ, ಇಲ್ಲಿ ಎಸ್ ದೊಡ್ಡಕ್ಷರ, ತಪ್ಪಿದ ಪ್ಯಾಕೆಟ್ ಎಣಿಸುವ ಸಾಲು ಪ್ರತಿ ಸಲವೂ ಏರುತ್ತಿತ್ತು.

ಕಾರಣ ಹುಡುಕಲು ಒಂದು ಗಂಟೆ ಹೋಯಿತು. ಕನೆಕ್ಟರ್‌ನ 3 ಮತ್ತು 6ನೇ ಪಿನ್ ಸೇರಿ ಒಂದು ಜೋಡಿ. ಆ ಎರಡಕ್ಕೂ ಒಂದಕ್ಕೊಂದು ಹೆಣೆದುಕೊಂಡ ತಂತಿಗಳೇ ಹೋಗಬೇಕು. ನಾನು 3ಕ್ಕೆ ಹಸಿರು ಜೋಡಿಯದು, 6ಕ್ಕೆ ನೀಲಿ ಜೋಡಿಯದು ಹಾಕಿದ್ದೆ. ಹೆಣಿಗೆ ತಪ್ಪಿದರೆ ಪಕ್ಕದ ತಂತಿಯ ಗದ್ದಲ ಇದರೊಳಗೆ ನುಗ್ಗುತ್ತದೆ. ಕಡಿಮೆ ಬೆಲೆಯ ಟೆಸ್ಟರ್ ತಂತಿ ಈ ತುದಿಯಿಂದ ಆ ತುದಿ ಮುಟ್ಟಿದೆಯಾ ಅಂತಷ್ಟೇ ನೋಡುತ್ತದೆ. ಯಾವುದರ ಜೊತೆ ಯಾವುದು ಹೆಣೆದಿದೆ ಅಂತ ಅದಕ್ಕೆ ತಿಳಿಯುವುದಿಲ್ಲ.

ಎರಡೂ ತುದಿ ಕತ್ತರಿಸಿ ಮತ್ತೆ ಹಾಕಿದೆ: ಕಿತ್ತಳೆ-ಬಿಳಿ, ಕಿತ್ತಳೆ, ಹಸಿರು-ಬಿಳಿ, ನೀಲಿ, ನೀಲಿ-ಬಿಳಿ, ಹಸಿರು, ಕಂದು-ಬಿಳಿ, ಕಂದು. ಈ ಸಲ ಸ್ಪೀಡ್ 1000 ಬಂತು. 200ಕ್ಕೆ 200 ಪ್ಯಾಕೆಟ್. ಶಟರ್ ಹತ್ತು ಸಲ ಏರಿಸಿ ಇಳಿಸಿದೆವು, ಒಂದೂ ತಪ್ಪಲಿಲ್ಲ. ಊಟಕ್ಕೆ ಅಕ್ಕ ಶಟರ್ ಇಳಿಸಿದಳು, ನೆಟ್ ಇತ್ತು.

ಅರ್ಜಿಯ ತಾಣ ಮಾತ್ರ ಇನ್ನೂ ತೆರೆಯುತ್ತಿರಲಿಲ್ಲ.

ಮೇ 18 ಸಂಜೆಯಿಂದ 19 ಮಧ್ಯಾಹ್ನ. ಬಿಳಿ ಪುಟ

ಮೊದಲು ಡಿಎನ್‌ಎಸ್ ಮೇಲೆ ಗುಮಾನಿ, ಅಂದರೆ ತಾಣದ ಹೆಸರಿಗೆ ಅಂಕಿಯ ವಿಳಾಸ ಹುಡುಕಿಕೊಡುವ ಸೇವೆಯ ಮೇಲೆ. ಎನ್‌ಎಸ್‌ಲುಕಪ್ ಕೊಟ್ಟರೆ ತಾಣದ ವಿಳಾಸ ತಕ್ಷಣ ಬಂತು. ಆದರೂ ಡಿಎನ್‌ಎಸ್ ಬದಲಿಸಿ 1.1.1.1 ಹಾಕಿ ನೋಡಿದೆ. ಏನೂ ವ್ಯತ್ಯಾಸ ಆಗಲಿಲ್ಲ. ವಿಳಾಸ ಸಿಗುತ್ತಿದೆ ಅಂದ ಮೇಲೆ ಅದನ್ನು ಬದಲಿಸುವ ಅಗತ್ಯವೇ ಇರಲಿಲ್ಲ.

ಆಮೇಲೆ ತಾಣದವರೆಗಿನ ದಾರಿಯನ್ನು ಹಂತ ಹಂತವಾಗಿ ತೋರಿಸುವ ಟ್ರೇಸ್‌ರೂಟ್. ಎಂಟನೇ ಹಂತದಿಂದ ಮುಂದೆಲ್ಲ ನಕ್ಷತ್ರ, ಅಂದರೆ ಉತ್ತರ ಇಲ್ಲ. ಅಲ್ಲೇ ಲೈನ್ ಕತ್ತರಿಸಿದೆ ಅಂದುಕೊಂಡು ಕಂಪನಿಗೆ ದೂರು ಕೊಡಲು ಫೋನ್ ಕೈಗೆ ತಗೊಂಡೆ. ಅಷ್ಟರಲ್ಲಿ ಒಂದು ಹೊಳೆಯಿತು, ಅದೇ ಲ್ಯಾಪ್‌ಟಾಪ್‌ನಲ್ಲಿ ಮೊಬೈಲ್ ಹಾಟ್‌ಸ್ಪಾಟ್ ಹಾಕಿ ಟ್ರೇಸ್‌ರೂಟ್ ಮಾಡಿ ನೋಡೋಣ ಅಂತ. ಅಲ್ಲೂ ಕೊನೆಯ ಹಂತಗಳೆಲ್ಲ ನಕ್ಷತ್ರವೇ, ತಾಣ ಮಾತ್ರ ಸಲೀಸಾಗಿ ತೆರೆಯಿತು. ದಾರಿಯಲ್ಲಿರುವ ಎಷ್ಟೋ ಯಂತ್ರಗಳು ಇಂಥ ಪ್ಯಾಕೆಟ್‌ಗೆ ಉತ್ತರ ಕೊಡುವುದಿಲ್ಲ, ಕೆಲಸ ಮಾತ್ರ ಮಾಡುತ್ತವೆ. ಬರೀ ನಕ್ಷತ್ರ ನೋಡಿ ದೂರು ಕೊಟ್ಟಿದ್ದರೆ ಲೈನಿನ ಹುಡುಗನನ್ನು ಎರಡನೇ ಸಲ ಸುಮ್ನೆ ಓಡಾಡಿಸಿದ ಹಾಗಾಗುತ್ತಿತ್ತು.

ಸೋಮವಾರ ಬೆಳಿಗ್ಗೆ, ಬ್ರೌಸರ್ ಇಲ್ಲದೆ ತಾಣದ ಪುಟ ತರಿಸುವ ಕಮಾಂಡ್ ಕರ್ಲ್ -ವಿ ಹಾಕಿ ಅದೇ ತಾಣ ಕೇಳಿದೆ. ಕರ್ಲ್ ತಾನು ಮಾಡುವುದನ್ನೆಲ್ಲ ಒಂದೊಂದೇ ಹೇಳುತ್ತಾ ಹೋಗುತ್ತದೆ. ತಾಣದ ಬಾಗಿಲಾದ ಪೋರ್ಟ್ 443ಕ್ಕೆ ಕನೆಕ್ಟ್ ಆಯಿತು ಅಂತ ಬಂತು. ಅದರ ಕೆಳಗೆ ಕ್ಲೈಂಟ್ ಹಲೋ, ಅಂದರೆ ಮಾತು ಶುರು ಮಾಡುವ ಮೊದಲ ಸಂದೇಶ, ಕಳಿಸಿದೆ ಅಂತ ಬಂತು. ಅಲ್ಲಿಗೆ ನಿಂತಿತು. ಕರ್ಸರ್ ಮಿನುಗುತ್ತಿತ್ತು, ಎರಡು ನಿಮಿಷ ಕಾದರೂ ಮುಂದಿನ ಸಾಲು ಬೀಳಲಿಲ್ಲ.

ಈ ಎರಡು ಸಾಲನ್ನೇ ನೋಡುತ್ತಾ ಕೂತೆ. ಕನೆಕ್ಟ್ ಆಗಿದೆ ಅಂದರೆ ಹೋಗುವ ದಾರಿ, ಬರುವ ದಾರಿ ಎರಡೂ ತೆರೆದಿವೆ. ಹಲೋ ಸಣ್ಣದು, ಐನೂರು ಚಿಲ್ಲರೆ ಬೈಟ್. ಅದು ಹೋಯಿತು. ಅದಕ್ಕೆ ಉತ್ತರವಾಗಿ ಬರಬೇಕಾದ, ತಾಣದ ಗುರುತು ಹೇಳುವ ಸರ್ಟಿಫಿಕೇಟ್ ದೊಡ್ಡದು, ತುಂಬಿದ ಪ್ಯಾಕೆಟ್‌ಗಳಲ್ಲಿ ಬರುತ್ತದೆ. ಅದು ಬರುತ್ತಿಲ್ಲ. ಫೋಟೋ ಅಪ್‌ಲೋಡ್ ನಿಲ್ಲುವುದೂ ದೊಡ್ಡ ಪ್ಯಾಕೆಟ್ ಹೋಗುವಾಗಲೇ ಅಲ್ವಾ? ಸಣ್ಣದು ಹೋಗುತ್ತದೆ, ದೊಡ್ಡದು ಹೋಗುವುದಿಲ್ಲ. ಸರಿ, ಎಷ್ಟು ದೊಡ್ಡದು ಅಂತ ಅಳೆದರಾಯಿತು.

ಪಿಂಗ್ -ಎಂ ಡು -ಎಸ್ 1472 1.1.1.1. ಇಲ್ಲಿ ಎಂ ದೊಡ್ಡಕ್ಷರ. ದಾರಿಯಲ್ಲಿ ತುಂಡು ಮಾಡಬೇಡ ಅಂತ ಇದರ ಅರ್ಥ. ವಿಂಡೋಸ್‌ನಲ್ಲಾದರೆ ಪಿಂಗ್ -ಎಫ್ -ಎಲ್ 1472 1.1.1.1. ಅಳತೆ ಬದಲಿಸುತ್ತಾ ಹೋದೆ, ಚೀಟಿಯಲ್ಲಿ ಬರೆದದ್ದು ಹೀಗಿದೆ:

1472: ಉತ್ತರ ಇಲ್ಲ
1400: ಬಂತು
1440: ಬಂತು
1460: ಬಂತು
1468: ಇಲ್ಲ
1464: ಬಂತು
1465: ಇಲ್ಲ

1464ಕ್ಕೆ ಬರುತ್ತದೆ, ಒಂದೇ ಒಂದು ಬೈಟ್ ಜಾಸ್ತಿಯಾದರೆ ಬರುವುದಿಲ್ಲ. ಇಷ್ಟು ಖಡಕ್ಕಾದ ಗಡಿ ಕೆಟ್ಟ ಕೇಬಲ್‌ನಿಂದ ಬರಲು ಸಾಧ್ಯವಿಲ್ಲ. 1464ಕ್ಕೆ ಪಿಂಗ್ ಪ್ಯಾಕೆಟ್ಟಿನ ತಲೆಬರಹದ (ಹೆಡರ್) 28 ಬೈಟ್ ಸೇರಿಸಿದರೆ 1492. ಅದಕ್ಕೆ ಪಿಪಿಪಿಓಇಯ 8 ಬೈಟ್ ಸೇರಿಸಿದರೆ 1500. ಆ ಅಂಕಿ ಬರೆದ ಕೂಡಲೇ ಮೇ 11ರ ಚೌಕ ಕಣ್ಣಮುಂದೆ ಬಂತು. ನಾನೇ ಹಾಕಿದ 1500.

ಈ ಲೈನಿನಲ್ಲಿ ಹಿಡಿಸುವುದು 1492 ಮಾತ್ರ. ರೂಟರ್‌ಗೆ 1500 ಅಂತ ನಾನು ಹೇಳಿಕೊಟ್ಟಿದ್ದೆ. ಅದು ಹಿಡಿಸದ ಪ್ಯಾಕೆಟ್‌ಗಳನ್ನೂ ನಂಬಿ ಕಳಿಸುತ್ತಿತ್ತು, ಅವು ಸದ್ದಿಲ್ಲದೆ ಬಿದ್ದುಹೋಗುತ್ತಿದ್ದವು. ಯೂಟ್ಯೂಬ್ ಯಾಕೆ ಬರುತ್ತಿತ್ತು ಅಂದರೆ, ಕ್ರೋಮ್ ಅದನ್ನು ಕ್ವಿಕ್ ಎನ್ನುವ ದಾರಿಯಲ್ಲಿ ತರುತ್ತದೆ, ಅದರ ಪ್ಯಾಕೆಟ್ ಶುರುವಿನಲ್ಲಿ 1200 ಬೈಟ್ ಆಸುಪಾಸಿನದು. ಯೂಟ್ಯೂಬ್ ಓಡಿತು ಅಂತ ಆ ಭಾನುವಾರ ನಾನು ಮನೆಗೆ ಹೋಗಿದ್ದು ಸರಿಯಾದ ಪರೀಕ್ಷೆಯೇ ಆಗಿರಲಿಲ್ಲ. ಅಕ್ಕ ದಿನಾ ಬಳಸುವ ಅರ್ಜಿಯ ತಾಣವನ್ನೇ ತೆರೆದು ನೋಡಬೇಕಿತ್ತು.

1492 ಹಾಕಿ ಸೇವ್ ಮಾಡಿದೆ. ರೂಟರ್ ಮತ್ತೆ ಕನೆಕ್ಟ್ ಆಗಲು 40 ಸೆಕೆಂಡ್. 1472ರ ಪಿಂಗ್ ಮತ್ತೆ ಕೊಟ್ಟೆ. ಈ ಸಲ ಸುಮ್ಮನಿರಲಿಲ್ಲ. ತುಂಡು ಮಾಡಬೇಕು, ಎಂಟಿಯು 1492 ಅಂತ ರೂಟರೇ ಉತ್ತರ ಕೊಟ್ಟಿತು. ಕರ್ಲ್ ಕೊಟ್ಟೆ, ಹಲೋ ಆದ ಮೇಲೆ ಸಾಲುಗಳು ದಡದಡ ಇಳಿದವು. ಅಕ್ಕ ಪಕ್ಕದ ಕಂಪ್ಯೂಟರ್‌ನಲ್ಲಿ ಅರ್ಜಿಯ ಪುಟ ತೆಗೆದಳು, ಬಂತು. ಗಿರಾಕಿಯೊಬ್ಬರ ಫೋಟೋ ಹಾಕಿದಳು, ಹೋಯಿತು. ಏನೂ ಮಾತಾಡದೆ ಸಾಲಿನಲ್ಲಿದ್ದ ಮುಂದಿನವರ ಅರ್ಜಿ ಕೈಗೆ ತಗೊಂಡಳು. ಎರಡು ವಾರದಿಂದ ನನಗೆ ಬೇಕಾಗಿದ್ದುದು ಅದೇ.

ಖರ್ಚು

ಕೇಬಲ್ 22 ಮೀಟರ್: 704
ಕನೆಕ್ಟರ್ 10: 100
ಕ್ರಿಂಪಿಂಗ್ ಟೂಲ್: 380
ಟೆಸ್ಟರ್: 220
ಪಿವಿಸಿ ಪೈಪ್ 4: 280
ಕ್ಲಿಪ್: 60
ರೂಟರ್: 1,690

ಒಟ್ಟು 3,434 ರೂಪಾಯಿ, ಬಸ್ ಚಾರ್ಜ್ ಬಿಟ್ಟು. ಇದರಲ್ಲಿ ನಿಜಕ್ಕೂ ಬೇಕಾಗಿದ್ದುದು 1,744 ಮಾತ್ರ. ರೂಟರ್‌ನ ದುಡ್ಡನ್ನು ಅಕ್ಕನಿಂದ ತಗೊಳ್ಳಲಿಲ್ಲ, ಆ ನಿರ್ಧಾರ ನನ್ನದು. ಹಳೆ ರೂಟರ್ ಕೆಟ್ಟಿರಲೇ ಇಲ್ಲ, ಈಗ ನನ್ನ ಮನೆಯಲ್ಲಿ ಓಡುತ್ತಿದೆ.

ಮೇ 26, ಸೋಮವಾರ

ಮಧ್ಯಾಹ್ನ ಎರಡೂವರೆಗೆ ದುರ್ಗದಿಂದ ಫೋನ್ ಮಾಡಿದೆ. ಈ ಸಲ ಹೊತ್ತು ನೋಡಿಯೇ ಮಾಡಿದ್ದು. "ಬಿಸಿಲೈತಾ?" "ಕಣ್ಣು ಬಿಡಂಗಿಲ್ಲ." "ಶಟರ್?" "ಅರ್ಧ ಇಳಿಸೀನಿ." ಪಿಂಗ್ -ಎನ್ 100 192.168.0.1 ಕೊಡಲು ಹೇಳಿದೆ. ಮುಗಿಯಲು ಒಂದೂ ಮುಕ್ಕಾಲು ನಿಮಿಷ ಹಿಡಿಯುತ್ತದೆ, ಅಷ್ಟರಲ್ಲಿ ಒಂದು ಜೆರಾಕ್ಸ್ ತೆಗೆದುಕೊಟ್ಟು ಬಂದಳು. ಕೊನೆಯ ಸಾಲು ಓದಿದಳು: ಕಳಿಸಿದ್ದು 100, ಬಂದಿದ್ದು 100, ತಪ್ಪಿದ್ದು 0. ರೂಟರ್ ಪಕ್ಕದ ಗೋಡೆಗೆ 1492 ಅಂತ ಬರೆದು ಅಂಟಿಸಿದ್ದ ಚೀಟಿ ಇನ್ನೂ ಇದೆಯಾ ಅಂತ ಕೇಳಿದೆ. ಇದೆ ಅಂದಳು, ಫ್ಯಾನ್ ಗಾಳಿಗೆ ಒಂದು ಮೂಲೆ ಎದ್ದಿತ್ತಂತೆ, ಭಾವ ಮತ್ತೆ ಟೇಪ್ ಹಾಕಿದ್ದಾರಂತೆ.